ಅಣ್ಣಯ್ಯನಿಗೆ ನಾನು ತೋರಿಸಿದ ಮದ್ರಾಸು

ಇತಿಹಾಸದ ಮೇಷ್ಟ್ರ ಕೆಲಸದಲ್ಲಿ ಒಂದು ದೊಡ್ಡ ಅನುಕೂಲವಿದೆ. ಪಾಠ ಮಾಡುವ ಯಾವುದನ್ನೂ ಅವನು ಕಣ್ಣಾರೆ ಕಂಡಿರಬೇಕಾಗಿಲ್ಲ. ವಿಜ್ಞಾನದ ಮೇಷ್ಟ್ರು ಒಂದು ಕಪ್ಪೆಯನ್ನಾದರೂ ನೋಡಿರಬೇಕು, ಡ್ರಿಲ್ ಮೇಷ್ಟ್ರು ಮೈದಾನಕ್ಕೆ ಒಂದು ಸುತ್ತಾದರೂ ಬಂದಿರಬೇಕು. ನಾನು ಪಾಂಡವಪುರದ ಒಂದು ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ನಿಂತಲ್ಲೇ ನಿಂತು ಪ್ಲಾಸಿ ಕದನ ಗೆದ್ದೆ, ದಂಡಿಯಲ್ಲಿ ಉಪ್ಪು ಮಾಡಿದೆ, ಮದ್ರಾಸಿನಲ್ಲಿ ಇಂಗ್ಲಿಷರ ಕೋಟೆ ಕಟ್ಟಿಸಿದೆ. ಹುಟ್ಟಿದ ಊರು ಪಾಲಹಳ್ಳಿ. ಅಲ್ಲಿಂದ ಶ್ರೀರಂಗಪಟ್ಟಣದ ಕೋಟೆ ಹೆಚ್ಚು ದೂರವೇನಿಲ್ಲ. ಅದನ್ನಾದರೂ ಸರಿಯಾಗಿ ನೋಡಿದ್ದೇನೆಯೇ ಎಂದು ಕೇಳಿದರೆ, ಬಸ್ಸಿನ ಕಿಟಕಿಯಿಂದ ಸಾವಿರಾರು ಸಲ ನೋಡಿದ್ದೇನೆ; ಅದರಲ್ಲಿ ಅರ್ಧದಷ್ಟು ಸಲ ತೂಕಡಿಸುತ್ತಿದ್ದೆ. ನಾನು ಏನನ್ನೂ ನೋಡದ ಮನುಷ್ಯ ಎಂಬ ಈ ಸಂಗತಿ ನಿವೃತ್ತಿಯವರೆಗೂ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಗೊತ್ತಾದದ್ದು ಕಣ್ಣು ಕಾಣದ ಒಬ್ಬರಿಗೆ, ಅಂದರೆ ನಮ್ಮ ಅಣ್ಣಯ್ಯನಿಗೆ.

ಅಣ್ಣಯ್ಯ ನನಗಿಂತ ಒಂಬತ್ತು ವರ್ಷ ದೊಡ್ಡವನು. ಹೆಸರು ನಿಂಗೇಗೌಡ. ನಾಲ್ಕನೇ ಕ್ಲಾಸಿಗೆ ಶಾಲೆಗೆ ಕೈಮುಗಿದು ಕಬ್ಬಿನ ಗದ್ದೆಗಿಳಿದ. ಆಮೇಲೆ ಸ್ವಂತ ಆಲೆಮನೆ ಹಾಕಿದ. ನಾನು ಮೈಸೂರಿನಲ್ಲಿ ಓದಿದ್ದು ಅವನು ಕಾಯಿಸಿದ ಬೆಲ್ಲದಿಂದ. ಕೊಪ್ಪರಿಗೆಯಲ್ಲಿ ಕುದಿಯುವ ಪಾಕ ಹದಕ್ಕೆ ಬಂದಿದೆಯೋ ಇಲ್ಲವೋ ಎಂಬುದನ್ನು ಬಣ್ಣ ನೋಡಿಯೇ ಹೇಳುತ್ತಿದ್ದ. ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದಲೂ ಜನ ಬಂದು, ನಮ್ಮ ಬೆಲ್ಲ ಯಾಕೆ ಕಪ್ಪಾಗುತ್ತಿದೆ ನೋಡಿ ಹೇಳಿ ಎಂದು ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಜೀವಮಾನವೆಲ್ಲ ಬೆಲ್ಲ ಮಾಡಿದವನಿಗೆ ಬಂದದ್ದು ಸಕ್ಕರೆ ಕಾಯಿಲೆ. ಅದು ಮೊದಲು ಬಲಗಣ್ಣನ್ನು ತಿಂದಿತು. ಅಣ್ಣಯ್ಯ, ಒಂದು ಉಳಿದದೆಯಲ್ಲ, ಪಾಕ ನೋಡಾಕೆ ಒಂದೇ ಸಾಕು ಅಂದು ಸುಮ್ಮನಾದ. ಒಂದು ದಿನ ಬೆಳಿಗ್ಗೆ ಆಲೆಮನೆಯಲ್ಲಿ ಕೂತು, ಇವತ್ತು ಹೊಗೆ ಜಾಸ್ತಿ, ಏನೂ ಕಾಣುತ್ತಿಲ್ಲ ಎಂದು ಗೊಣಗಿದನಂತೆ. ಅತ್ತಿಗೆ ಕೈಯಲ್ಲಿದ್ದ ಹಾಲಿನ ಕ್ಯಾನು ಕೆಳಗಿಟ್ಟು ನಿಂತುಬಿಟ್ಟರಂತೆ. ಅವತ್ತು ಒಲೆಗೆ ಬೆಂಕಿಯನ್ನೇ ಹಾಕಿರಲಿಲ್ಲ.

ಕಣ್ಣಿನೊಳಗೆ ರಕ್ತ ಒಸರಿ ನಿಂತಿದೆ, ಆಪರೇಷನ್ ಆಗಬೇಕು, ಮದ್ರಾಸಿಗೆ ಹೋದರೆ ಒಳ್ಳೆಯದು ಎಂದು ಮೈಸೂರಿನ ಡಾಕ್ಟರು ಹೇಳಿದರು. ಜೊತೆಗೆ ಯಾರು ಹೋಗಬೇಕು ಎಂಬ ಪ್ರಶ್ನೆ ಬಂದಾಗ ಅತ್ತಿಗೆ ನನ್ನ ಕಡೆ ನೋಡಿದರು. ಮನೆಯಲ್ಲಿ ನಾಲ್ಕು ಹಸು, ಎರಡು ಹೊತ್ತು ಡೈರಿಗೆ ಹಾಲು; ಅವರು ಕದಲುವ ಹಾಗಿರಲಿಲ್ಲ. "ನೀನು ಓದ್ದೋನು. ಅಲ್ಲಿ ಏನೇನದೆ ಎಲ್ಲಾ ನಿಂಗೆ ಗೊತ್ತು. ನೀನೇ ಕರ್ಕಂಡೋಗಪ್ಪ" ಅಂದರು. ಗೊತ್ತು ಎಂಬ ಮಾತಿಗೆ ನಾನು ಮೋಸ ಹೋದೆ. ಮದ್ರಾಸಿನ ಬಗ್ಗೆ ನನಗೆ ಗೊತ್ತಿದ್ದದ್ದು ಇಸವಿಗಳು ಮಾತ್ರ.

ಮಂಡ್ಯದಲ್ಲಿ ರೈಲು ಹತ್ತಿ ಹೋದೆವು. ಆಸ್ಪತ್ರೆಯವರು ರಕ್ತ ಪರೀಕ್ಷೆ ಮಾಡಿ, ಸಕ್ಕರೆ ಇನ್ನೂ ಇಳಿಯಬೇಕು, ಔಷಧಿ ತೆಗೆದುಕೊಂಡು ನಾಲ್ಕನೇ ದಿನ ಬನ್ನಿ ಎಂದು ಕಳಿಸಿದರು. ನಡುವೆ ಮೂರು ದಿನ. ನಾನು ಲಾಡ್ಜಿನ ಫ್ಯಾನಿನ ಕೆಳಗೆ ಮಲಗುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಅಣ್ಣಯ್ಯ ಮಂಚದ ಮೇಲೆ ಕೂತು, ನೀರು ಕುಡಿದು, ಲೋಟ ಕೆಳಗಿಟ್ಟು, ಇದು ನಮ್ಮ ಕಾವೇರಿಯೇ ಇರಬೇಕು, ಎಷ್ಟು ದೂರ ಬಂದು ಎಷ್ಟು ಕೆಟ್ಟುಹೋಗಿದೆ ಅಂದ. ಆಮೇಲೆ, ನಡಿ ಊರು ತೋರಿಸು ಅಂದ. ಕಣ್ಣು ಕಾಣದವನು ತೋರಿಸು ಅಂದರೆ ಏನು ಮಾಡುವುದು? ಅವನೇ ದಾರಿ ಹೇಳಿದ. "ನೀನ್ ನೋಡ್ಕಂಡ್ ಯೋಳು. ನಾನ್ ಕೇಳ್ಕಂಡ್ ನೋಡ್ತೀನಿ."

ಮೊದಲು ಸೆಂಟ್ರಲ್ ಸ್ಟೇಷನ್ನಿನ ಎದುರು ನಿಲ್ಲಿಸಿದೆ. ಇದು ಇಂಗ್ಲಿಷರ ಕಾಲದ್ದು, ದಕ್ಷಿಣ ಭಾರತದ ರೈಲುಗಳಿಗೆಲ್ಲ ಬಾಗಿಲು ಇದ್ದಂತೆ ಎಂದು ಶುರುಮಾಡಿ, ರೈಲು ಕಂಪನಿಗಳ ಚರಿತ್ರೆಯನ್ನು ಹತ್ತು ನಿಮಿಷ ಹೇಳಿದೆ. ಅಣ್ಣಯ್ಯ ತಲೆಯಾಡಿಸುತ್ತ ಕೇಳಿ, ಬಣ್ಣ ಯಾವುದು ಎಂದು ಕೇಳಿದ. ಕೆಂಪು ಅಂದೆ. ಯಾವ ಕೆಂಪು? ಇಟ್ಟಿಗೆ ಕೆಂಪೋ, ಕುಂಕುಮದ ಕೆಂಪೋ, ಪಾಕ ಸೀದಾಗ ಬರುತ್ತದಲ್ಲ ಆ ಕೆಂಪೋ? ನಾನು ತಿರುಗಿ ನೋಡಿದೆ. ಎಷ್ಟು ನೋಡಿದರೂ ಅದು ಕೆಂಪಾಗಿಯೇ ಇತ್ತು. ಇಟ್ಟಿಗೆ ಕೆಂಪು ಎಂದು ಹೇಳಿ ಪಾರಾದೆ. ಗೋಪುರದ ಗಡಿಯಾರದಲ್ಲಿ ಎಷ್ಟು ಗಂಟೆ ಎಂದು ಕೇಳಿದ. ನಾನು ಅಭ್ಯಾಸಬಲದಿಂದ ನನ್ನ ಕೈಗಡಿಯಾರ ನೋಡಿ ಹೇಳಿದೆ.

ಕೋಟೆಯ ಹತ್ತಿರ ನನ್ನ ಗತಿ ಇನ್ನೂ ಕೆಟ್ಟಿತು. ಅದು ನಾನು ಮೂವತ್ತನಾಲ್ಕು ವರ್ಷ ಪಾಠ ಮಾಡಿದ ಕೋಟೆ. ಬರೀ ಮರಳು ಇದ್ದ ಒಂದು ತುಂಡು ಕಡಲತೀರವನ್ನು ಇಂಗ್ಲಿಷ್ ವ್ಯಾಪಾರಿಗಳು ಸ್ಥಳೀಯ ನಾಯಕರಿಂದ ಪಡೆದದ್ದು, ಕೋಟೆಯ ಸುತ್ತ ಊರು ಬೆಳೆದದ್ದು, ಆ ಊರು ಇಷ್ಟು ದೊಡ್ಡ ನಗರವಾದದ್ದು, ಕೊನೆಗೆ ಈ ಮದ್ರಾಸಿನವರ ದಂಡೇ ನಮ್ಮ ಶ್ರೀರಂಗಪಟ್ಟಣದ ಮೇಲೆ ಬಂದದ್ದು, ಎಲ್ಲವನ್ನೂ ಬೋರ್ಡಿನ ಮುಂದೆ ನಿಂತವನ ಹಾಗೆ ಹೇಳಿದೆ. ಒಂದಿಬ್ಬರು ದಾರಿಹೋಕರು ನಿಂತು ನೋಡಿದರು. ನನಗೆ ಉತ್ಸಾಹ ಬಂತು. ಅಣ್ಣಯ್ಯ ಗೋಡೆಯ ಮೇಲೆ ಅಂಗೈ ಇಟ್ಟುಕೊಂಡು, ಇಲ್ಲಿಂದ ನಮ್ಮೂರಿಗೆ ಫಿರಂಗಿ ಎಳೆದುಕೊಂಡು ಬಂದರಲ್ಲ, ಎಷ್ಟು ಜೊತೆ ಎತ್ತು ಬೇಕಾಯಿತು, ಅವಕ್ಕೆ ದಾರಿಯಲ್ಲಿ ಮೇವು ಯಾರು ಹಾಕಿದರು ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ನಾನು ಯುದ್ಧದ ಕಾರಣಗಳು ಮತ್ತು ಪರಿಣಾಮಗಳನ್ನು ಬಲ್ಲೆ. ಮೇವು ಎರಡರಲ್ಲೂ ಬರುವುದಿಲ್ಲ.

ಎರಡನೇ ದಿನ ಸಮುದ್ರ. ಅಣ್ಣಯ್ಯ ಎಪ್ಪತ್ತು ದಾಟಿದ್ದರೂ ಸಮುದ್ರ ಕಂಡವನಲ್ಲ. ಮರೀನಾದ ಮರಳಿನಲ್ಲಿ ಅವನ ಕೈ ಹಿಡಿದು ನಡೆಸುವಷ್ಟರಲ್ಲಿ ನನ್ನ ಮಂಡಿ ಎರಡೂ ಬಿಟ್ಟುಹೋದವು. ನೀರು ಕಾಲಿಗೆ ತಾಗಿದಾಗ ಅಣ್ಣಯ್ಯ ಬೆಚ್ಚಿ ನನ್ನ ತೋಳು ಹಿಡಿದುಕೊಂಡ. ಆಮೇಲೆ, ಹೇಗಿದೆ ಹೇಳು ಅಂದ. ದೊಡ್ಡದಾಗಿದೆ ಅಂದೆ. ಕನ್ನಂಬಾಡಿ ಕಟ್ಟೆಗಿಂತ ದೊಡ್ಡದೇ ಎಂದು ಕೇಳಿದ. ಬಹಳ ದೊಡ್ಡದು ಅಂದೆ. ಆಚೆ ದಡ ಕಾಣುತ್ತದೆಯೇ ಅಂದ. ಇಲ್ಲ ಅಂದೆ. "ಕಟ್ಟೆ ತುಂಬ್ದಾಗ ನಮ್ಗೂ ಕಾಣಾಕಿಲ್ಲ. ಬ್ಯಾರೆ ಏನಾರ ಯೋಳ್ಲಾ." ನಾನು ಸಮುದ್ರವನ್ನು ನೋಡಿದೆ. ಅದು ದೊಡ್ಡದಾಗಿತ್ತು, ನೀಲಿಯಾಗಿತ್ತು, ಅಲೆಗಳಿದ್ದವು. ಒಂದನೇ ಕ್ಲಾಸಿನ ಮಗು ಬರೆಯುವ ಈ ಮೂರು ವಾಕ್ಯಗಳಾಚೆ ನನಗೇನೂ ಹೊಳೆಯಲಿಲ್ಲ. ಮಾತು ತಿರುಗಿಸಲು ರಸ್ತೆಯಾಚೆಯ ಐಸ್‌ಹೌಸ್ ಕಟ್ಟಡದ ಕಥೆ ತೆಗೆದೆ: ಹಿಂದಿನ ಕಾಲದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಮಂಜುಗಡ್ಡೆ ತಂದು ಅಲ್ಲಿ ಇಡುತ್ತಿದ್ದರು. ಅಷ್ಟು ದೂರ ಕರಗದೆ ಹೇಗೆ ಬಂತು ಎಂದು ಕೇಳಿದ. ಗೊತ್ತಿಲ್ಲ ಅಂದೆ. ಅಣ್ಣಯ್ಯ, ಮರದ ಹೊಟ್ಟಿನಲ್ಲಿ ಹೂತು ತಂದಿರಬೇಕು ಅಂದ. ಊರಿಗೆ ಬಂದ ಮೇಲೆ ಪುಸ್ತಕ ತೆಗೆದು ನೋಡಿದೆ. ಮರದ ಹೊಟ್ಟಿನಲ್ಲೇ ತಂದಿದ್ದರು.

ಮೂರನೇ ದಿನ ನಾನು ಮಾಡಿದ ಕೆಲಸಕ್ಕೆ ಕ್ಷಮೆ ಇಲ್ಲ. ಕಡಲತೀರದಲ್ಲಿ ಒಂದು ದೀಪಸ್ತಂಭ ಇದೆ ಎಂದು ನಾನೇ ಬಾಯಿಬಿಟ್ಟಿದ್ದೆ. ಕತ್ತಲಲ್ಲಿ ದಾರಿ ಕಾಣದ ಹಡಗುಗಳಿಗೆ ದೀಪ ತೋರಿಸುತ್ತದೆ ಎಂದ ಕೂಡಲೇ ಅಣ್ಣಯ್ಯ ಹಟ ಹಿಡಿದ. ಅದನ್ನು ನೋಡಲೇಬೇಕು, ನಾಳೆ ಆಪರೇಷನ್ ಏನಾಗುತ್ತದೋ ಏನೋ ಅಂದ. ಆಟೋದವನಿಗೆ ನಾನು ಇಂಗ್ಲಿಷಿನಲ್ಲಿ ವಿವರಿಸಿದೆ. ಅವನು ಏನು ತಿಳಿದುಕೊಂಡನೋ, ಎಲ್ಲೋ ಒಂದು ಗಲ್ಲಿಯ ಬಾಯಿಗೆ ಇಳಿಸಿ ಹೋದ. ಬಿಸಿಲು ನೆತ್ತಿಯ ಮೇಲಿತ್ತು. ಇಂಗ್ಲಿಷಿನಲ್ಲಿ ದಾರಿ ಕೇಳಿದರೆ ಜನ ಗೌರವದಿಂದ ಪಕ್ಕಕ್ಕೆ ಸರಿಯುತ್ತಿದ್ದರು. ಅಣ್ಣಯ್ಯ ಕನ್ನಡದಲ್ಲಿ ಕೇಳಿದರೆ ನಿಂತು ಕೈತೋರಿಸುತ್ತಿದ್ದರು. ಆದರೆ ಅವರು ಯಾವ ಕಡೆ ಕೈ ತೋರಿಸಿದರೆಂದು ಅವನಿಗೆ ಕಾಣದು, ಅವರ ತಮಿಳು ನನಗೆ ತಿಳಿಯದು. ಮುಕ್ಕಾಲು ಗಂಟೆ ಅಲೆದೆವು. ನನ್ನ ಮಂಡಿಗಳು ಹೆಜ್ಜೆಗೊಂದು ಸಲ ಸದ್ದು ಮಾಡುತ್ತಿದ್ದವು. ಒಂದು ಗಲ್ಲಿಯ ಕೊನೆಯಲ್ಲಿ ಕಾಂಕ್ರೀಟು ಕಂಬಗಳ ಮೇಲೆ ಎತ್ತರದ ನೀರಿನ ಟ್ಯಾಂಕು ನಿಂತಿತ್ತು. ಕೆಳಗೆ ತಂಪಾದ ನೆರಳು, ಕೂರಲು ಜಗಲಿ. ನಾನು ಅಣ್ಣಯ್ಯನನ್ನು ಅಲ್ಲಿ ಕೂರಿಸಿ, ಬಂತು, ಇದೇ ದೀಪಸ್ತಂಭ ಅಂದುಬಿಟ್ಟೆ.

ಅಂದ ಮೇಲೆ ವರ್ಣಿಸಬೇಕಾಯಿತು. ಇಲ್ಲಿ ಒಂದು ವಿಚಿತ್ರ ನಡೆಯಿತು. ನಿಜವಾದ ಕಟ್ಟಡಗಳ ಮುಂದೆ ನಿಂತಾಗ ಇಸವಿ ಬಿಟ್ಟು ಏನೂ ಹೊರಡದ ನನ್ನ ಬಾಯಿಂದ ಈಗ ಮಾತು ಒಂದೊಂದಾಗಿ ಬರತೊಡಗಿತು. ಸುಳ್ಳಿಗೆ ಇಸವಿ ಸಾಲದು, ವಿವರ ಬೇಕು. ಸುತ್ತ ಗುಂಡಗಿದೆ, ಕೆಂಪು ಬಿಳಿ ಪಟ್ಟೆ ಬಳಿದಿದ್ದಾರೆ ಅಂದೆ. ಅದು ಚಿತ್ರದಲ್ಲಿ ನೋಡಿದ್ದು. ಸಮುದ್ರದ ಕಡೆಯ ಬಣ್ಣ ಉಪ್ಪುಗಾಳಿಗೆ ಕಿತ್ತು ಬಂದಿದೆ ಅಂದೆ. ಮೇಲಿನ ಮೊಗಸಾಲೆಯಲ್ಲಿ ಕಾವಲುಗಾರನ ಹೆಂಡತಿ ಹಸಿರು ಸೀರೆ ಒಣಹಾಕಿದ್ದಾಳೆ, ಗಾಳಿಗೆ ಅದು ಕಂಬಕ್ಕೆ ಸುತ್ತಿಕೊಂಡಿದೆ, ಅವಳು ಬಿಡಿಸಲು ಹೆಣಗುತ್ತಿದ್ದಾಳೆ ಅಂದೆ. ದೂರದಲ್ಲಿ ಒಂದು ಹಡಗು ನಿಂತಿದೆ, ಅದರ ಮೇಲಿಂದ ಯಾರೋ ಟವೆಲ್ ಬೀಸುತ್ತಿದ್ದಾರೆ ಅಂದೆ. ಅಣ್ಣಯ್ಯ ಮುಖ ಎತ್ತಿ, ಬಾಯಿ ಸ್ವಲ್ಪ ತೆರೆದು ಕೇಳುತ್ತಿದ್ದ. ಸೀರೆ ಬಿಡಿಸಿಕೊಂಡಳೇ ಎಂದು ಎರಡು ಸಲ ವಿಚಾರಿಸಿದ. ಬಿಡಿಸಿಕೊಂಡಳು ಅಂದೆ. ಅವನಿಗೆ ಸಮಾಧಾನವಾಯಿತು.

ಮರುದಿನ ಆಪರೇಷನ್ ಆಯಿತು. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅಣ್ಣಯ್ಯ ನನ್ನ ಕಡೆ ತಿರುಗಿ, ನನ್ನ ಮುಖವನ್ನೇ ನೋಡುತ್ತ ಕೂತ. "ಎಷ್ಟ್ ಮುದ್ಕ ಆಗೋಗಿದ್ದೀಯಲ್ಲಾ" ಅಂದ. ನಾನು ಆಸ್ಪತ್ರೆಯ ಕಾರಿಡಾರಿಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ. ಅತ್ತಿಗೆಗೆ ಫೋನು ಮಾಡಿದೆ. ಅಲ್ಲಿಂದ ಹಸು ಕೂಗುವುದಷ್ಟೇ ಕೇಳಿಸಿತು. ಆ ಸಂತೋಷ ಒಂದು ಗಂಟೆ ಇತ್ತು. ಊಟಕ್ಕೆ ಕೂತಾಗ ಅಣ್ಣಯ್ಯ, ಆರು ವಾರ ಬಿಟ್ಟು ಇನ್ನೊಂದು ಸಲ ಬರಬೇಕಲ್ಲ ಡಾಕ್ಟರಿಗೆ ತೋರಿಸೋಕೆ, ಆವಾಗ ದೀಪಸ್ತಂಭ ಕಣ್ಣಾರೆ ನೋಡೋಣ ಅಂದ.

ಆ ಆರು ವಾರ ನಾನು ಪಟ್ಟ ಪಾಡು ಹೇಳತೀರದು. ಪಾಲಹಳ್ಳಿಯಲ್ಲಿ ಅಣ್ಣಯ್ಯ ಬಂದವರಿಗೆಲ್ಲ ಮದ್ರಾಸಿನ ವರ್ಣನೆ ಮಾಡುತ್ತಿದ್ದ. ಸ್ಟೇಷನ್ನು, ಕೋಟೆ, ಸಮುದ್ರ ಎಲ್ಲ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ದೀಪಸ್ತಂಭಕ್ಕೆ ಬಂದಾಗ ಮಾತ್ರ ಎಲೆ ಅಡಿಕೆ ಹಾಕಿಕೊಂಡು ಕೂತು ಶುರುಮಾಡುತ್ತಿದ್ದ. ಹಸಿರು ಸೀರೆಗೆ ಅವನ ಬಾಯಲ್ಲಿ ಜರಿಯಂಚು ಬಂತು. ಟವೆಲ್ ಬೀಸಿದವನು ಕಾವಲುಗಾರನ ಭಾವಮೈದುನನಿರಬಹುದು ಎಂಬ ಅನುಮಾನವೂ ಹುಟ್ಟಿತು. ಡೈರಿಗೆ ಹಾಲು ಹಾಕಲು ಬಂದ ಹೆಂಗಸರು, ನಿಜವೇ ಮೇಷ್ಟ್ರೇ ಎಂದು ನನ್ನನ್ನು ಕೇಳುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ. ನಿಜ ಹೇಳಿಬಿಡೋಣವೆಂದು ಪಾಂಡವಪುರದಿಂದ ಮೂರು ಸಲ ಬಸ್ಸು ಹತ್ತಿ ಹೋದೆ, ಮೂರು ಸಲವೂ ಅತ್ತಿಗೆ ಕೊಟ್ಟ ಮುದ್ದೆ ಉಂಡು ವಾಪಸ್ಸು ಬಂದೆ. ಒಂದು ದಿನ ದೇವರ ಮುಂದೆ ಕೈಮುಗಿದು ನಿಂತಾಗ, ಆ ಪ್ರಯಾಣ ಏನಾದರೂ ತಪ್ಪಿಹೋಗಲಿ ಎಂದು ಬೇಡುತ್ತಿದ್ದೇನೆಂದು ನನಗೇ ತಿಳಿಯಿತು. ಅದು ತಪ್ಪಬೇಕಾದರೆ ಅಣ್ಣಯ್ಯನ ಕಣ್ಣಿಗೆ ಏನಾಗಬೇಕು ಎಂಬುದೂ ಜೊತೆಗೇ ಹೊಳೆಯಿತು. ಕೆನ್ನೆ ಬಡಿದುಕೊಂಡು ಹೊರಗೆ ಬಂದೆ. ಹೆಂಡತಿ, ಇಷ್ಟು ಭಕ್ತಿ ಯಾವಾಗಿನಿಂದ ಎಂದು ಕೇಳಿದಳು.

ಎರಡನೇ ಸಲ ಹೋದಾಗ ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಸದ್ಯಕ್ಕೆ ಇಷ್ಟು ಕಾಣುತ್ತದೆ, ಮತ್ತೆ ರಕ್ತ ಒಸರುವ ಸಂಭವ ಇದೆ, ಎಷ್ಟು ದಿನ ಉಳಿಯುತ್ತದೆಂದು ಹೇಳಲಾಗದು ಅಂದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅಣ್ಣಯ್ಯನಿಗೆ ಕನ್ನಡದಲ್ಲಿ ಸ್ವಲ್ಪ ಸಿಹಿ ಮಾಡಿ ಹೇಳಿದೆ. ಅವನು ಡಾಕ್ಟರ ಮುಖ ನೋಡಿಯೇ ತಿಳಿದುಕೊಂಡಿದ್ದ. ಎದ್ದು ಪಂಚೆ ಸರಿಮಾಡಿಕೊಂಡು, ಹಾಗಾದರೆ ತಡ ಮಾಡೋದು ಬೇಡ ನಡಿ ಅಂದ. ಆಟೋದವನಿಗೆ ಈ ಸಲ ಅಣ್ಣಯ್ಯನೇ ಹೇಳಿದ. ಕಾಲು ಗಂಟೆಯಲ್ಲಿ ಆಟೋ ದೀಪಸ್ತಂಭದ ಬುಡಕ್ಕೆ ಬಂದು ನಿಂತಿತು.

ಅದು ನಡು ಹಗಲಿನಲ್ಲಿ, ಸಮುದ್ರದ ಎದುರಿಗೆ, ಯಾರಿಗೂ ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ನಿಂತಿತ್ತು. ಗಲ್ಲಿ ಇರಲಿಲ್ಲ. ಜಗಲಿ ಇರಲಿಲ್ಲ. ಸುತ್ತ ಗುಂಡಗಿದೆ ಎಂದು ನಾನು ಹೇಳಿದ್ದೆ; ಅದು ಮೂರು ಮೂಲೆಯದು. ಅಣ್ಣಯ್ಯ ಕತ್ತು ಎತ್ತಿ ಮೇಲಿಂದ ಕೆಳಗೆ ನೋಡಿದ. ಗೋಡೆ ಮುಟ್ಟಿದ. ಲಿಫ್ಟಿನಲ್ಲಿ ಮೇಲೆ ಹೋದೆವು. ಅಲ್ಲಿ ಅವನು ಕಂಬಿ ಹಿಡಿದು ಸಮುದ್ರವನ್ನು ನೋಡುತ್ತ ಎಷ್ಟು ಹೊತ್ತು ನಿಂತನೆಂದರೆ, ಹಿಂದಿನವರು ನನ್ನನ್ನು ಮೆಲ್ಲಗೆ ತಳ್ಳತೊಡಗಿದರು. ಕೊನೆಗೆ, ಕಟ್ಟೆಯ ಹಾಗಿಲ್ಲ ಅಂದ. ಆಮೇಲೆ ನನ್ನ ಕಡೆ ತಿರುಗಿ, "ಆವತ್ತು ಕುಂತಿದ್ವಲ್ಲ, ಅಲ್ಲಿಗ್ ಕರ್ಕಂಡೋಗು" ಅಂದ.

ನಾನು ಇದೇ ಅದು ಅನ್ನಲು ಬಾಯಿ ತೆರೆದೆ. ಆಗಲಿಲ್ಲ. ಗಲ್ಲಿ, ಬಿಸಿಲು, ಟ್ಯಾಂಕು, ಎಲ್ಲ ಹೇಳಿಬಿಟ್ಟೆ. ಹೇಳುವಾಗ ಅವನ ಕಣ್ಣು ನೋಡಲಾರದೆ ಸಮುದ್ರ ನೋಡುತ್ತಿದ್ದೆ. ಅಣ್ಣಯ್ಯ ನಕ್ಕ.

"ಗೊತ್ತಿತ್ತು ಕಣ್ಲಾ. ದೀಪದ ಕಂಬದ ಮ್ಯಾಲಿಂದ ನೀರ್ ತೊಟ್ಟಿಕ್ತದಾ? ಪಕ್ಕದಾಗೇ ಮೋಟ್ರು ಓಡ್ತಿತ್ತು. ಐವತ್ ವರ್ಸ ಪಂಪ್‌ಸೆಟ್ ಜೊತೆ ಬಾಳಿರೋನ್ಗೆ ಅಷ್ಟೂ ಗೊತ್ತಾಗಾಕಿಲ್ವಾ?"

ಮತ್ತೆ ಆವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿನ್ ಮಂಡಿ ಸದ್ದು ಕೇಳ್ತಿತ್ತು. ಕುಂತ್ಕಳ್ಲಿ ಪಾಪ ಅಂದ್ಕಂಡೆ. ಆಮ್ಯಾಕೆ ನೀನ್ ಯೋಳಾಕ್ ಸುರು ಮಾಡ್ದೆ. ಅದ್ಕ್ ಮುಂಚೆ ಎರ್ಡ್ ದಿನ ಬರೀ ಇಸ್ವಿ ಇಸ್ವಿ ಅಂತಿದ್ದೆ. ಆವತ್ತೊಂದ್ ದಿನ ನಂಗೆ ಕಣ್ ಕಾಣ್ತು."

ಆ ಮಧ್ಯಾಹ್ನ ನಾವು ನಗರದ ಬೇರೆ ಯಾವ ಸ್ಥಳವನ್ನೂ ನೋಡಲಿಲ್ಲ. ವಸ್ತುಸಂಗ್ರಹಾಲಯ, ಹಳೆಯ ದೇವಸ್ಥಾನ, ಚರ್ಚು ಎಂದು ನಾನು ಪಟ್ಟಿ ಮಾಡಿಕೊಂಡು ಬಂದಿದ್ದೆ. ಅಣ್ಣಯ್ಯನಿಗೆ ಟ್ಯಾಂಕೇ ಬೇಕಿತ್ತು. ಗಲ್ಲಿ ಗಲ್ಲಿ ಅಲೆದೆವು. ಆ ನಗರದಲ್ಲಿ ಇಷ್ಟೊಂದು ನೀರಿನ ಟ್ಯಾಂಕುಗಳಿವೆ ಎಂದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಒಂದೊಂದರ ಕೆಳಗೂ ಅಣ್ಣಯ್ಯ ಕೂತು, ಕಣ್ಣು ಮುಚ್ಚಿ, ಕಂಬ ಮುಟ್ಟಿ, ಇದಲ್ಲ ಎಂದು ಏಳುತ್ತಿದ್ದ. ಜನ ನಮ್ಮನ್ನು ಕಾರ್ಪೊರೇಷನ್ನಿನವರೆಂದು ತಿಳಿದು, ನೀರು ಸರಿಯಾಗಿ ಬರುತ್ತಿಲ್ಲವೆಂದು ದೂರು ಹೇಳಿದರು. ರೈಲಿಗೆ ಹೊತ್ತಾಯಿತು. ಟ್ಯಾಂಕು ಸಿಗಲಿಲ್ಲ.

ಅದಾದ ನಾಲ್ಕು ತಿಂಗಳಿಗೆ ಅಣ್ಣಯ್ಯನ ಕಣ್ಣಿನಲ್ಲಿ ಮತ್ತೆ ರಕ್ತ ಒಸರಿತು. ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ಫೋನಿನಲ್ಲೇ ಹೇಳಿದರು. ನಾನು ಹೋಗಿ ಪಕ್ಕದಲ್ಲಿ ಕೂತಾಗ, ಸಮುದ್ರ ನೋಡಿಬಿಟ್ಟೆನಲ್ಲ ಎಂದು ಅವನೇ ನನಗೆ ಸಮಾಧಾನ ಹೇಳಿದ. ಆಲೆಮನೆಯ ಒಲೆ ಆರಿತು. ಪಾಕದ ಬಣ್ಣ ನೋಡಿ ಹೇಳಲು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ನನ್ನನ್ನೂ ಸೇರಿಸಿ. ಅತ್ತಿಗೆ ಕೊಪ್ಪರಿಗೆಯನ್ನು ತಿಕ್ಕಿ ಗೋಡೆಗೆ ಒರಗಿಸಿಟ್ಟರು.

ಈಗ ದಿನಾ ಬೆಳಿಗ್ಗೆ ಅಣ್ಣಯ್ಯನಿಂದ ಫೋನು ಬರುತ್ತದೆ. ನಾನು ನಾಲೆಯ ಏರಿಯ ಮೇಲೆ ವಾಕಿಂಗ್ ಮುಗಿಸಿ ಮನೆಗೆ ಬಂದು ಕೂರುವ ಹೊತ್ತು ಅವನಿಗೆ ಗೊತ್ತು. ಏನೇನು ನೋಡಿದೆ ಹೇಳು ಅನ್ನುತ್ತಾನೆ. ಮೊದಮೊದಲು, ಏನೂ ಇಲ್ಲ, ಎಲ್ಲ ಎಂದಿನ ಹಾಗೆ ಎಂದು ಹೇಳಿ ಬೈಸಿಕೊಂಡೆ. ಈಗ ಹೋಗುವಾಗ ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಂಡು, ಕಂಡದ್ದನ್ನು ಬರೆದುಕೊಳ್ಳುತ್ತೇನೆ. ನಿನ್ನೆ, ನಾಲೆಯ ಕಲ್ಲಿನ ಮೇಲೆ ಒಂದು ಬೆಳ್ಳಕ್ಕಿ ನಿಂತಿತ್ತು ಎಂದು ಹೆಮ್ಮೆಯಿಂದ ವರದಿ ಮಾಡಿದೆ. ಕಾಲು ಯಾವ ಬಣ್ಣ ಎಂದು ಕೇಳಿದ. ನಾನು ಕಾಲು ನೋಡಿರಲಿಲ್ಲ. ಫೋನು ಇಟ್ಟು, ಚಪ್ಪಲಿ ಮೆಟ್ಟಿಕೊಂಡು, ಮಂಡಿ ನೋವಿನಲ್ಲೇ ನಾಲೆಯವರೆಗೆ ಮತ್ತೆ ಹೋದೆ. ಹಕ್ಕಿ ಹಾರಿಹೋಗಿತ್ತು. ಬಂದು ಫೋನು ಮಾಡಿ, ಹಳದಿ ಅಂದೆ.

"ಕಾಲು ಕರ್ರಗಿರ್ತದೆ ಕಣ್ಲಾ" ಅಂದ ಅಣ್ಣಯ್ಯ. "ಪಾದ ಮಾತ್ರ ಹಳ್ದಿ."

ಹಾಗಾದರೆ ಅರ್ಧ ಸರಿಯಾಯಿತಲ್ಲ ಎಂದು ವಾದಿಸಿ ನೋಡಿದೆ. ಮೂವತ್ತನಾಲ್ಕು ವರ್ಷ ನಾನು ಮಕ್ಕಳಿಗೆ ಧಾರಾಳವಾಗಿ ಅರ್ಧ ಅಂಕ ಕೊಟ್ಟವನು. ಅಣ್ಣಯ್ಯ ಕೊಡಲಿಲ್ಲ, ನಾಳೆ ಬೆಳಿಗ್ಗೆ ಸರಿಯಾಗಿ ನೋಡಿಕೊಂಡು ಬಾ ಎಂದು ಹೇಳಿ ಫೋನು ಇಟ್ಟ.